ಅಸ್ಸಿ ದಾಟದ ಅಕ್ಕೋರು

ಅಕ್ಕೋರ ಬಲಗೈಯ ತೋರುಬೆರಳು ನಡುಗಿಣ್ಣಿನಲ್ಲಿ ಎಡಕ್ಕೆ ಹೊರಳಿ ಹಾಗೆಯೇ ಗಟ್ಟಿಯಾಗಿಬಿಟ್ಟಿತ್ತು. ಯಾವಾಗಲೋ ಶಾಲೆಯ ಕಬ್ಬಿಣದ ಗೇಟಿಗೆ ಸಿಕ್ಕಿ ಮುರಿದದ್ದು, ಸರಿಯಾಗಿ ಕೂಡಿಕೊಂಡಿರಲಿಲ್ಲ. ಅವರು ಒಬ್ಬರನ್ನು ತೋರಿಸಿ ಬೈದರೆ ಬೆರಳು ಪಕ್ಕದವರ ಕಡೆ ಹೋಗುತ್ತಿತ್ತು. ಕೇದಾರ ಘಾಟಿನ ಮೇಲಿನ ಗಲ್ಲಿಯಲ್ಲಿ ನಾನು ಅವರನ್ನು ಮೊದಲ ಸಲ ಕಂಡಾಗ ಅವರು ಬೈಯುತ್ತಿದ್ದದ್ದು ತರಕಾರಿ ಗಾಡಿಯವನನ್ನು, ಬೆರಳು ಇದ್ದದ್ದು ನನ್ನ ಮೇಲೆ. "ಯೇ ಭಿಂಡಿ ಹೈ ಕ್ಯಾ? ಲಕಡಿ ಹೈ" ಎಂದವರು, ಅವನು ಅತ್ತ ತಿರುಗಿದ ಕೂಡಲೇ ಕನ್ನಡಕ್ಕೆ ಬಂದರು. "ಹಿಂತಾ ಬೆಂಡಿಕಾಯಿ ನಮ್ಮೂರಾಗ ಎಮ್ಮಿನೂ ಮೂಸೂದಿಲ್ಲ." ನಾನು ನಕ್ಕುಬಿಟ್ಟೆ. "ಕನ್ನಡದಾಕಿ ಏನು? ನಕ್ಕೋತ ಯಾಕ ನಿಂತಿ, ಬಂದು ಚೌಕಾಶಿ ಮಾಡು" ಎಂದರು.

ನಾನು ತುಮಕೂರಿನ ಕಡೆಯವಳು. ಗಂಡನಿಗೆ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿದ್ದರಿಂದ ಕಾಶಿಗೆ ಬಂದವಳು, ಒಂದು ಖಾಸಗಿ ಶಾಲೆಯಲ್ಲಿ ಕಂಪ್ಯೂಟರ್ ಟೀಚರು. ಶಾಲೆಯ ವೈಫೈ, ಪ್ರಿಂಟರು, ಕೆಟ್ಟ ಕೀಬೋರ್ಡು ಎಲ್ಲದರ ಉಸ್ತುವಾರಿಯೂ ನನ್ನದೇ. ಅಕ್ಕೋರು ಘಟಪ್ರಭೆ ದಡದ ಒಂದು ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ಆಗಿದ್ದವರು. ಗಂಡ ಎಂದೋ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬಂಗಾಲಿ ಟೋಲಾದಲ್ಲಿ ಕನ್ನಡದವರ ಒಂದು ಯಾತ್ರಿ ನಿವಾಸದ ಮೇಲಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಆ ಮನೆಯಲ್ಲಿದ್ದ ಉಳಿದ ಮುದುಕಿಯರೆಲ್ಲ ಕಾಶಿಯಲ್ಲಿ ಪ್ರಾಣ ಬಿಡಬೇಕೆಂದು ಬಂದವರು, ಜಪಮಾಲೆ ಹಿಡಿದು ಕೂತಿರುತ್ತಿದ್ದರು. ಅಕ್ಕೋರು ಮಾತ್ರ, ತಮ್ಮ ಅಣ್ಣನ ಮಗ ಹೊಸದು ಕೊಂಡಾಗ ಕೊಟ್ಟುಹೋದ ಹಳೇ ಲ್ಯಾಪ್‌ಟಾಪಿನಲ್ಲಿ ಇಸ್ಪೀಟು ಆಡುತ್ತಿದ್ದರು. ಯಾರಾದರೂ ಮುಖ ಸಿಂಡರಿಸಿದರೆ, "ನಿಮ್ಮದು ಮಣಿ ಎಣಿಸೂದು, ನಂದು ಎಲಿ ಎಣಿಸೂದು" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಪರಿಚಯ ಬೆಳೆದ ಮೇಲೆ ಮನೆಗೆ ಊಟಕ್ಕೆ ಕರೆದೆ. ಬರುವುದಿಲ್ಲ ಎಂದರು. ನಮ್ಮ ಮನೆ ವಿಶ್ವವಿದ್ಯಾಲಯದ ಪಕ್ಕ, ಅಸ್ಸಿ ನಾಲೆಯ ಆಚೆ. ಅವರು ಕ್ಷೇತ್ರಸನ್ಯಾಸದ ಸಂಕಲ್ಪ ಮಾಡಿದ್ದರು. ಗಂಗೆಯ ನೀರು ಕೈಯಲ್ಲಿ ಹಿಡಿದು, ಸಾಯುವ ತನಕ ಕಾಶಿಯ ಗಡಿ ದಾಟುವುದಿಲ್ಲ ಎಂದು ಹೇಳಿಬಿಟ್ಟರೆ ಮುಗಿಯಿತು, ಆಮೇಲೆ ಮಗನ ಮದುವೆಯಾದರೂ ಇಲ್ಲ, ತಾಯಿಯ ಸಾವಾದರೂ ಇಲ್ಲ. ಗಡಿ ಎಲ್ಲಿಗೆ ಎಂಬುದರಲ್ಲಿ ಪಂಡಿತರಿಗೇ ಜಗಳವಿದೆ. ಕೆಲವರು ಪಂಚಕ್ರೋಶಿಯ ದೊಡ್ಡ ಸುತ್ತು ಎನ್ನುತ್ತಾರೆ. ಅಕ್ಕೋರು ವರುಣಾ ನದಿಯಿಂದ ಅಸ್ಸಿ ನಾಲೆಯವರೆಗಿನ ಚಿಕ್ಕದನ್ನೇ ಹಿಡಿದಿದ್ದರು. ಅಸ್ಸಿಯ ಚಹಾದಂಗಡಿಯ ತನಕ ನನ್ನ ಜೊತೆ ನಡೆದು ಬಂದು, ಅಲ್ಲೇ ನಿಂತು, "ನೀ ಹೋಗು ತಂಗಿ" ಎನ್ನುತ್ತಿದ್ದರು. ಇಷ್ಟೊಂದು ಭಕ್ತಿಯೇ ಎಂದು ನನಗೆ ಮೊದಲು ಅಚ್ಚರಿಯಾಗಿತ್ತು. ಭಕ್ತಿಯಲ್ಲ ಎಂದು ತಿಳಿದದ್ದು ಆಮೇಲೆ.

ಅವರನ್ನು ಕಾಶಿಗೆ ಅಟ್ಟಿದವನು ಅವರ ಶಾಲೆಯ ಆಡಳಿತ ಮಂಡಳಿಯ ಕಾರ್ಯದರ್ಶಿ. ಅವನಿಗೆ ಬಹುವಚನ ಕೊಟ್ಟು ಬರೆಯಲು ನನಗೆ ಕೈ ಬರುವುದಿಲ್ಲ. ಒಂದು ವರ್ಷ ಹತ್ತನೇ ತರಗತಿಯ ಪರೀಕ್ಷೆಯ ಹಿಂದಿನ ದಿನ, ಪ್ರಶ್ನೆಪತ್ರಿಕೆಯ ಮೊಹರು ಹಾಕಿದ ಕಟ್ಟುಗಳು ಅಕ್ಕೋರ ಕೋಣೆಯ ಕಪಾಟಿನಲ್ಲಿದ್ದವು. ಸಂಜೆ ಅವನು ಬಂದು, ಪರೀಕ್ಷೆಗೆ ಬರುವ ಅಧಿಕಾರಿಗಳಿಗೆ ಕಪಾಟಿಗೆ ಹೊಸ ಬೀಗ ಹಾಕಿದ್ದು ತೋರಿಸಬೇಕು, ಬೀಗದವನಿಗೆ ಅಳತೆಗೆ ಬೇಕು ಎಂದು ಹಳೆಯ ಕೀಲಿ ಕೇಳಿದ. ಆಡಳಿತದವನು, ಬಾಯಿ ತುಂಬ ಅಕ್ಕೋರೆ ಅಕ್ಕೋರೆ ಎನ್ನುವವನು. ಕೊಟ್ಟರು. ಬೆಳಿಗ್ಗೆ ಶಾಲೆ ತೆರೆಯುವ ಮುಂಚೆ ತಂದುಕೊಟ್ಟ. ಪ್ರಶ್ನೆಪತ್ರಿಕೆ ರಾತ್ರಿಯೇ ಬಯಲಾದದ್ದು ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು, ಅವನ ತಂಗಿಯ ಮಗ ಅದೇ ಪರೀಕ್ಷೆಗೆ ಕೂತಿದ್ದ. ವಿಚಾರಣೆಯಲ್ಲಿ ಅವನು, "ಕೀಲಿ ಅಕ್ಕೋರ ಸೆರಗಿನಿಂದ ಯಾವತ್ತೂ ಕೆಳಗ ಇಳಿದಿಲ್ಲ" ಎಂದುಬಿಟ್ಟ. ಅಕ್ಕೋರ ಮಾತಿಗೆ ಸಾಕ್ಷಿ ಇರಲಿಲ್ಲ. ರಾಜೀನಾಮೆ ಬರೆಸಿಕೊಂಡರು. ಬೀದಿಯಲ್ಲಿ ಅವರ ಕಾಲಿಗೆ ಬೀಳುತ್ತಿದ್ದ ಹುಡುಗಿಯರ ತಾಯಂದಿರು ಎದುರು ಸಿಕ್ಕರೆ ಸೆರಗು ಸರಿ ಮಾಡಿಕೊಳ್ಳುವ ನೆವದಲ್ಲಿ ಮುಖ ತಿರುಗಿಸತೊಡಗಿದರು.

ಅದಾದ ಮೇಲೆ ಆ ಮನುಷ್ಯ ಹಣ್ಣು, ಶಾಲು ಹಿಡಿದು ಮನೆಗೆ ಬಂದ. "ಅಕ್ಕೋರೆ, ಊರ ಬಾಯಿ ಕೆಟ್ಟದ್ದು. ನಿಮ್ಮಂಥಾವರಿಗೆ ಕಾಶೀನೇ ಸರಿ, ಕ್ಷೇತ್ರಸನ್ಯಾಸ ತಗೊಂಡು ಆರಾಮ ಇರ್ರಿ" ಎಂದು ರೈಲಿನ ಟಿಕೆಟ್ಟನ್ನು ಮುಂದಿಟ್ಟ. ಊರಿನ ಮೇಲೆ ಉರಿಯುತ್ತಿದ್ದ ಅಕ್ಕೋರು ಹೊರಟೇಬಿಟ್ಟರು. ಘಾಟಿನಲ್ಲಿ ನಿಂತು ಸಂಕಲ್ಪವನ್ನೂ ಮಾಡಿದರು. ತಿರುಗಿ ಬಂದು ಬಾಯಿ ಬಿಡದ ಹಾಗೆ ಅವನು ತಮ್ಮನ್ನು ಒಂದು ಗೆರೆಯೊಳಗೆ ಕೂರಿಸಿದ್ದಾನೆ ಎಂಬುದು ಅವರಿಗೆ ಹೊಳೆಯಲು ಕೆಲವು ತಿಂಗಳು ಹಿಡಿಯಿತು. "ಸಿಟ್ಟಿನಾಗ ಊಟಾ ಬಿಡಬಹುದು ತಂಗಿ, ಸಂಕಲ್ಪ ಮಾಡಬಾರದು. ಮಾಡೀನಿ. ಮಾಡಿದ್ದು ಮುರಿಯೂದಿಲ್ಲ. ಆದ್ರ ಅಂವನ್ನೂ ಬಿಡೂದಿಲ್ಲ" ಎನ್ನುತ್ತಿದ್ದರು.

ಅವರ ದಿನ ಹೀಗೇ ಸಾಗುತ್ತಿತ್ತು. ಬೆಳಿಗ್ಗೆ ಗಂಗಾಸ್ನಾನ, ಆಮೇಲೆ ಕೇದಾರೇಶ್ವರನ ಎದುರು ನಿಂತು ಕಾರ್ಯದರ್ಶಿಯ ಮೇಲೊಂದು ದೂರು. ಬೇರೆಯವರು ಮಂತ್ರ ಹೇಳುವ ಧಾಟಿಯಲ್ಲೇ ಇವರು ಶಾಪ ಹಾಕುತ್ತಿದ್ದರು. ಪೂಜಾರಿಗೆ ಕನ್ನಡ ಬಾರದು, ಎಷ್ಟು ಚಂದ ಸ್ತೋತ್ರ ಹೇಳುತ್ತಾರೆ ಎಂದು ಅವರಿಗೆ ಪ್ರಸಾದವನ್ನು ಒಂದು ಹಿಡಿ ಹೆಚ್ಚೇ ಕೊಡುತ್ತಿದ್ದ.

ಒಂದು ಚಳಿಗಾಲದಲ್ಲಿ ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಯಾತ್ರೆಗೆ ಬಂದವಳು ಘಾಟಿನ ಮೆಟ್ಟಿಲಲ್ಲಿ ಇವರನ್ನು ಗುರುತಿಸಿ ಅತ್ತುಬಿಟ್ಟಳು. ಅವಳಿಂದ ಸುದ್ದಿ ಬಂತು. ಶಾಲೆಗೆ ಸುವರ್ಣ ಮಹೋತ್ಸವ. ಕಾರ್ಯದರ್ಶಿಗೆ ಅವತ್ತು ದೊಡ್ಡ ಸನ್ಮಾನ. ದೂರದಲ್ಲಿರುವ ಹಳೆಯ ವಿದ್ಯಾರ್ಥಿನಿಯರು ಮನೆಯಿಂದಲೇ ಕಂಪ್ಯೂಟರಿನಲ್ಲಿ ಸೇರಿಕೊಂಡು ಮಾತಾಡಬಹುದು, ಅವರೆಲ್ಲ ಸಭಾಂಗಣದ ದೊಡ್ಡ ಪರದೆಯ ಮೇಲೆ ಕಾಣುತ್ತಾರೆ. ಅಕ್ಕೋರು ಆ ಸಂಜೆ ನನ್ನನ್ನು ಕರೆಸಿದರು.

"ನನಗ ಆ ಸಭಾದಾಗ ಕೂಡಬೇಕು."

"ಸಂಕಲ್ಪ?" ಎಂದೆ.

"ಕಾಲು ದಾಟಬಾರದು ಅಂತ ಅದ. ಮಾತು ದಾಟಬಾರದು ಅಂತ ಎಲ್ಲಿ ಅದ?"

ನನ್ನ ಫೋನಿನಲ್ಲೇ ಮಾಡಿಕೊಡುತ್ತೇನೆ ಎಂದೆ. ಆ ಗಲ್ಲಿಯ ಕಲ್ಲುಗೋಡೆಗಳ ನಡುವೆ ಮೊಬೈಲಿಗೆ ಸಿಗ್ನಲ್ ಬರುವುದೇ ದೊಡ್ಡದು, ಆದರೆ ಅಸ್ಸಿಯ ಬಯಲಿಗೆ ಹೋದರೆ ಹೇಗೋ ಆಗುತ್ತಿತ್ತು. ಅವರು ಒಪ್ಪಲಿಲ್ಲ. "ಫೋನಿನಾಗ ಅಂವನ ಮುಖಾ ಕಡ್ಲಿಕಾಳಿನಷ್ಟು ಕಾಣತದ. ನನಗ ಪೂರ್ತಿ ನೋಡಬೇಕು" ಎಂದರು. ಉಳಿದದ್ದು ನಮ್ಮ ಶಾಲೆ. ಅದು ಅಸ್ಸಿಯ ಈಚೆಗೇ ಇತ್ತು, ನೆಟ್ಟೂ ಗಟ್ಟಿಯಾಗಿತ್ತು. ಲ್ಯಾಬಿನ ಕಂಪ್ಯೂಟರುಗಳಿಗೆ ಕ್ಯಾಮೆರಾ ಇರಲಿಲ್ಲ, ಹಾಗಾಗಿ ಅವರ ಲ್ಯಾಪ್‌ಟಾಪನ್ನೇ ಶಾಲೆಯ ವೈಫೈಗೆ ಸೇರಿಸಬೇಕು. ಅದು ಒಂದೇ ಪಾಸ್‌ವರ್ಡನ್ನು ಎಲ್ಲರೂ ಹಂಚಿಕೊಳ್ಳುವ ಮನೆಯ ವೈಫೈ ಅಲ್ಲ. ಪ್ರತಿ ಟೀಚರಿಗೂ ಅವರದೇ ಹೆಸರು, ಅವರದೇ ಪಾಸ್‌ವರ್ಡು. ಹೊರಗಿನವರಿಗೆ ಇಲ್ಲವೇ ಇಲ್ಲ. ಆ ನಿಯಮ ಬರೆದವಳು ನಾನೇ, ಮುರಿಯಲು ಪ್ರಿನ್ಸಿಪಾಲರು ಬಿಡುತ್ತಿರಲಿಲ್ಲ.

"ಹಾಂಗಾರ ನಾನೂ ಟೀಚರ್ ಆಗತೀನಿ" ಎಂದರು ಅಕ್ಕೋರು.

ಆದರು. ಸಂಬಳವಿಲ್ಲದೆ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಹಿರಿಯರು ಸಿಗುತ್ತಾರೆ ಎಂದರೆ ಪ್ರಿನ್ಸಿಪಾಲರಿಗೆ ಬೇಡವೇ? ಎಪ್ಪತ್ತು ದಾಟಿದ ಆ ಹೆಂಗಸು ಒಬ್ಬ ಮನುಷ್ಯನ ಮೇಲಿನ ಹಗೆಗಾಗಿ ಕಾಶಿಯ ಮಕ್ಕಳಿಗೆ ಗಣಿತ ಕಲಿಸತೊಡಗಿದರು. ಬೋರ್ಡಿನ ಮೇಲೆ ಬರೆಯುವುದು, ಬೆರಳ ಗಿಣ್ಣಿನಿಂದ ಬೋರ್ಡನ್ನು ಟಕ್ ಟಕ್ ಎಂದು ಬಡಿಯುವುದು, ಬರೆದದ್ದನ್ನು ಇಡೀ ತರಗತಿ ಒಂದೇ ದನಿಯಲ್ಲಿ ಓದುವುದು. ಇದೇ ಅವರ ಪದ್ಧತಿ. "ಸಬ್ ಬೋಲೋ" ಎಂದರೆ ಪಕ್ಕದ ತರಗತಿಯ ಮಕ್ಕಳೂ ಬಾಯಿ ಬಿಡುತ್ತಿದ್ದರು. ಊರಿನಲ್ಲೂ ಹೀಗೇ ಕಲಿಸುತ್ತಿದ್ದಿರಾ ಎಂದು ಕೇಳಿದರೆ, "ಬ್ಯಾರೆ ಹೆಂಗ ಕಲಸ್ತಾರ?" ಎಂದು ನನ್ನನ್ನೇ ಕೇಳಿದರು.

ಅವರಿಗೆ ಖಾತೆ ತೆರೆದೆ. ಪಾಸ್‌ವರ್ಡಿಗೆ ದೊಡ್ಡಕ್ಷರ, ಅಂಕಿ, ಒಂದು ಚಿಹ್ನೆ ಎಲ್ಲ ಇರಬೇಕು ಎಂದು ವಿವರಿಸಿದೆ. ಅಕ್ಕೋರು ಕಾರ್ಯದರ್ಶಿಯ ಹೆಸರು, ಅದರ ಮುಂದೆ ಅವರ ಊರ ಕಡೆಯ ಒಂದು ಬೈಗುಳ ಸೇರಿಸಿದರು. ಪಾಸ್‌ವರ್ಡನ್ನು ಯಾರಿಗೂ ಹೇಳಬಾರದು, ಆದ್ದರಿಂದ ಹೇಳುವುದಿಲ್ಲ. ಸೊಟ್ಟ ಬೆರಳು ಕೀಲಿಮಣೆಗೆ ಒಗ್ಗದೆ ನಡುಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತುವಾಗ ಅವರ ಮುಖದಲ್ಲಿ ಎಂಥ ನೆಮ್ಮದಿ ಇರುತ್ತಿತ್ತು ಎಂದರೆ, ನಾನು ಬೇಕೆಂದೇ ಎರಡೆರಡು ಸಲ ಟೈಪ್ ಮಾಡಿಸುತ್ತಿದ್ದೆ.

ಲ್ಯಾಪ್‌ಟಾಪು ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಅದನ್ನು ತಯಾರಿಸಿದವರು ವೈಫೈ ಹುಡುಕಲು ತಮ್ಮದೇ ಒಂದು ಸಾಫ್ಟ್‌ವೇರ್ ತುಂಬಿ ಕಳಿಸಿದ್ದರು. ಆಪರೇಟಿಂಗ್ ಸಿಸ್ಟಮ್ಮಿನದೇ ಇನ್ನೊಂದು ಒಳಗೆ ಮೊದಲಿನಿಂದಲೂ ಇತ್ತು. ನಾನು ಒಂದರಲ್ಲಿ ಶಾಲೆಯ ನೆಟ್‌ವರ್ಕಿನ ವಿವರ ತುಂಬಿದರೆ ಇನ್ನೊಂದು ಅದನ್ನು ಅಳಿಸಿ ತನ್ನದನ್ನು ಹಾಕುತ್ತಿತ್ತು. ನಾನು ತಲೆ ಕೆರೆದುಕೊಳ್ಳುತ್ತಿದ್ದರೆ ಅಕ್ಕೋರು, "ಏನಂತದ?" ಎಂದರು. ಹೇಳಿದೆ. "ಒಂದು ಶಾಲಿಗೆ ಇಬ್ಬರು ಹೆಡ್ಮಾಸ್ತರು. ಒಬ್ಬರನ್ನ ತಗಿ" ಎಂದರು. ತಯಾರಕರದ್ದನ್ನು ತೆಗೆದೆ. ಭದ್ರತೆಯ ಬಗೆ ಆರಿಸಿದೆ, ಇದು ನಮ್ಮ ಶಾಲೆಯದೇ ನೆಟ್‌ವರ್ಕು ಎಂದು ಲ್ಯಾಪ್‌ಟಾಪಿಗೆ ಖಾತ್ರಿ ಕೊಡುವ ಸರ್ಟಿಫಿಕೇಟು ಕೂರಿಸಿದೆ, ಅವರ ಹೆಸರು ಹಾಕಿದೆ. ಅವರು ಬೈಗುಳ ಹಾಕಿದರು. ಆದರೂ ಒಳಗೆ ಬಿಡಲಿಲ್ಲ.

ಕಾರಣ ಸಿಕ್ಕಿದಾಗ ನನಗೇ ನಗು ಬಂತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತ್ತು, ಒಳಗೆ ಗಡಿಯಾರ ನಡೆಸುವ ಪುಟ್ಟ ಸೆಲ್ಲೂ ಸತ್ತಿತ್ತು. ವಯರು ತೆಗೆದು ಹಾಕಿದಾಗೆಲ್ಲ ಅದರ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿ ನಿಲ್ಲುತ್ತಿತ್ತು. ಸರ್ಟಿಫಿಕೇಟು ಮೊನ್ನೆ ಮೊನ್ನೆಯದು. ಲ್ಯಾಪ್‌ಟಾಪಿನ ಲೆಕ್ಕದಲ್ಲಿ ಅದಿನ್ನೂ ಹುಟ್ಟೇ ಇಲ್ಲ. ತಾರೀಖು ಸರಿಮಾಡಿದ ಕೂಡಲೇ ಬಾಗಿಲು ತೆರೆಯಿತು. ಆ ಹಳೇ ಮಾದರಿಯ ಸೆಲ್ಲು ಇಲ್ಲಿ ಎಲ್ಲೂ ಸಿಗಲಿಲ್ಲ, ಪ್ರತಿ ಸಲವೂ ಕೈಯಾರೆ ಸರಿಮಾಡಬೇಕು ಎಂದು ಅಕ್ಕೋರಿಗೆ ಕಲಿಸಿದೆ. ಅವರು ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡರು. ಮೊದಲು ತಾರೀಖು, ಆಮೇಲೆ ಹೆಸರು, ಆಮೇಲೆ ಬೈಗುಳ.

ಮಹೋತ್ಸವ ಒಂದು ಭಾನುವಾರ ಬೆಳಿಗ್ಗೆ. ಶಾಲೆಗೆ ರಜೆ, ಪ್ರಿನ್ಸಿಪಾಲರು ಒಂದು ತರಗತಿಯ ಕೋಣೆ ತೆರೆಸಿಕೊಟ್ಟಿದ್ದರು. ಅಕ್ಕೋರು ಇಳಕಲ್ ಸೀರೆ ಉಟ್ಟು ಬಂದರು, ಕಾಶಿಗೆ ಬಂದ ಮೇಲೆ ಉಟ್ಟದ್ದು ಅವತ್ತೇ ಮೊದಲಂತೆ. ಬೋರ್ಡಿಗೆ ಬೆನ್ನು ಮಾಡಿ ಲ್ಯಾಪ್‌ಟಾಪಿನ ಮುಂದೆ ಕೂತರು. ಪರದೆಯಲ್ಲಿ ಊರಿನ ಸಭಾಂಗಣ ಕಂಡಿತು. ವೇದಿಕೆಯ ನಡುವೆ ಕಾರ್ಯದರ್ಶಿ, ಕೊರಳ ತುಂಬ ಹಾರ, ಮೈತುಂಬ ಶಾಲು, ಪಕ್ಕದಲ್ಲಿ ಹೆಂಡತಿ. ಸರಿಯಾಗಿ ಆ ಹೊತ್ತಿಗೆ ಕರೆಂಟು ಹೋಯಿತು.

ಶಾಲೆಯ ವೈಫೈ ಇನ್ವರ್ಟರಿನ ಮೇಲೆ ನಡೆಯುತ್ತಿತ್ತು. ಲ್ಯಾಪ್‌ಟಾಪು ಮಾತ್ರ ಕಣ್ಣು ಮುಚ್ಚಿತು. ಇನ್ವರ್ಟರಿನ ಸಾಕೆಟ್ಟಿಗೆ ವಯರು ಎಳೆದು ಮತ್ತೆ ಹಚ್ಚಿದೆ. ಒಳಗೆ ಬಿಡಲಿಲ್ಲ. ನಾನು ಮತ್ತೆ ಮತ್ತೆ ಪಾಸ್‌ವರ್ಡು ಹಾಕಿಸಿದೆ, ಹೆಸರು ತಪ್ಪಾಗಿರಬೇಕು ಎಂದು ಅದನ್ನೂ ಬದಲಿಸಿದೆ, ಸರ್ಟಿಫಿಕೇಟು ಹೋಗಿಯೇಬಿಟ್ಟಿತೇನೋ ಎಂದುಕೊಂಡೆ. "ಸರಿ ಅತ್ತಾಗ" ಎಂದು ಅಕ್ಕೋರು ನನ್ನನ್ನು ಮೊಣಕೈಯಿಂದ ತಳ್ಳಿದರು. "ತಾರೀಖು ನೋಡಿಯೇನು?" ನೋಡಿರಲಿಲ್ಲ. ಅವರೇ ಸರಿಮಾಡಿದರು, ಹೆಸರು ಹಾಕಿದರು, ಬೈಗುಳ ಹಾಕಿದರು. ಮತ್ತೆ ಸಭೆ ಕಂಡಿತು.

ಪರದೆಯ ಪುಟ್ಟ ಪುಟ್ಟ ಚೌಕಗಳಲ್ಲಿ ನಡುವಯಸ್ಸಿನ ಹೆಂಗಸರು. ಒಬ್ಬಳು ಪುಣೆಯ ಅಡಿಗೆಮನೆಯಲ್ಲಿ, ಒಬ್ಬಳು ಸೊಲ್ಲಾಪುರದ ಯಾವುದೋ ಆಸ್ಪತ್ರೆಯ ಕೋಣೆಯಲ್ಲಿ ನರ್ಸಿನ ಬಟ್ಟೆಯಲ್ಲಿ. ಅಕ್ಕೋರ ಮುಖ ಕಂಡದ್ದೇ ತಡ, ಅವರು ಕೂತ ಕೂತಲ್ಲೇ ಎದ್ದು ನಿಂತರು. ಒಬ್ಬಳ ಮುಖ ಮಾಯವಾಗಿ ಬರಿಯ ಸೀರೆಯ ನೆರಿಗೆ ಕಾಣುತ್ತಿತ್ತು. ಕಾರ್ಯಕ್ರಮ ನಡೆಸುತ್ತಿದ್ದ ಟೀಚರಮ್ಮನಿಗೆ ಹಳೆಯ ಕಥೆ ಗೊತ್ತಿರಲಿಲ್ಲ. "ಕಾಶಿಯಿಂದ ನಮ್ಮ ಹಿರಿಯ ಅಕ್ಕೋರು ಬಂದಾರ, ಎರಡು ಮಾತಾಡಬೇಕು" ಎಂದುಬಿಟ್ಟಳು.

ಅಕ್ಕೋರು ನಮಸ್ಕಾರ ಹೇಳಲಿಲ್ಲ. "ಕಾರ್ಯದರ್ಶಿಗಳಿಗೆ ನಂದು ಒಂದ ಪ್ರಶ್ನೆ ಅದ" ಎಂದರು. ಅವನು ವೇದಿಕೆಯಿಂದ ಕೈಸನ್ನೆ ಮಾಡಿದ್ದು ನನಗೆ ಕಂಡಿತು. ಮರುಕ್ಷಣ ನಮ್ಮ ಪರದೆಯ ಮೂಲೆಯಲ್ಲಿ ಮೈಕಿನ ಮೇಲೆ ಕೆಂಪು ಗೀರು ಬಿತ್ತು. ಅಲ್ಲಿಂದ ಅವರ ದನಿ ಮುಚ್ಚಿದ್ದರು. ಅಕ್ಕೋರು ಮಾತಾಡುತ್ತಲೇ ಇದ್ದರು, ಯಾರಿಗೂ ಕೇಳುತ್ತಿರಲಿಲ್ಲ. ಅವನು ಮೈಕು ಹಿಡಿದು, "ಪಾಪ, ಅಕ್ಕೋರಿಗೆ ವಯಸ್ಸಾಗೇದ" ಎಂದ. ಆ "ಪಾಪ" ಎಂಬ ಮಾತು ನನ್ನ ಕಿವಿಯಲ್ಲಿ ಇನ್ನೂ ಉರಿಯುತ್ತದೆ.

"ಬಾಯಿ ಕಟ್ಟಿದಾರೆ ಅಕ್ಕೋರೆ" ಎಂದೆ. ಅವರು ನನ್ನನ್ನು ಒಮ್ಮೆ ನೋಡಿದರು. ಎದ್ದರು, ಹಿಂದೆ ತಿರುಗಿದರು, ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ತುಂಬ ದುಂಡಗೆ ಬರೆದರು: ಪರೀಕ್ಷೆಯ ಹಿಂದಿನ ರಾತ್ರಿ ಕಪಾಟಿನ ಕೀಲಿ ಯಾರ ಮನೆಯಲ್ಲಿತ್ತು? ಬರೆದು ತಿರುಗಿ ಪರದೆ ನೋಡಿದವರು ಗಾಬರಿಯಾದರು. ನಮ್ಮ ಚಿತ್ರ ನಮಗೆ ಕನ್ನಡಿಯ ಹಾಗೆ ಕಾಣುತ್ತದಲ್ಲ, ಅಕ್ಷರವೆಲ್ಲ ತಿರುವುಮುರುವು. ಒರೆಸಲು ಕೈ ಎತ್ತಿದರು. ನಾನು ಓಡಿಹೋಗಿ ಆ ಕೈ ಹಿಡಿದೆ. "ನಮಗೆ ಮಾತ್ರ ಹಂಗೆ ಕಾಣೋದು. ಅವರಿಗೆ ಸರಿಯಾಗಿದೆ, ಬಡೀರಿ" ಎಂದೆ.

ಅವರು ಗಿಣ್ಣಿನಿಂದ ಬೋರ್ಡನ್ನು ಬಡಿದರು. ಸದ್ದು ಅಲ್ಲಿಗೆ ಹೋಗುವ ಹಾಗಿರಲಿಲ್ಲ. ಆದರೆ ಆ ಕೈ ಏಳುವುದನ್ನು ಕಂಡರೆ ಸಾಕಾಗಿತ್ತು. ಪುಣೆಯವಳು ಮೊದಲು ಓದಿದಳು. ನರ್ಸು ಓದಿದಳು. ನೆಟ್ಟಿನ ಹಿಂದುಮುಂದಿನಲ್ಲಿ ದನಿಗಳು ಒಂದರ ಮೇಲೊಂದು ಬಿದ್ದವು. ಆಮೇಲೆ ಸಭಾಂಗಣದಲ್ಲಿ ಕೂತಿದ್ದ ಹೆಂಗಸರೂ ಪರದೆ ನೋಡಿಕೊಂಡು, ಒಂದೇ ದನಿಯಲ್ಲಿ, ಶಾಲೆಯ ರಾಗದಲ್ಲಿ ಓದಿದರು. ಓದಿ ಮುಗಿಸಿದ ಮೇಲೆ ಏನು ಓದಿದೆವೆಂಬುದು ಅವರಿಗೆ ತಿಳಿಯಿತು. ತಲೆಗಳೆಲ್ಲ ವೇದಿಕೆಯ ಕಡೆ ತಿರುಗಿದವು.

ಕಾರ್ಯದರ್ಶಿ ನಗಲು ನೋಡಿದ. ಪಕ್ಕದಲ್ಲಿದ್ದ ಅವನ ಹೆಂಡತಿ ಅವನ ಮುಂದಿದ್ದ ಮೈಕನ್ನು ತನ್ನ ಕಡೆ ತಿರುಗಿಸಿಕೊಂಡಳು. ಆ ತಾಯಿ ವೇದಿಕೆಯ ಮೇಲೆ ಅವತ್ತು ಆಡಿದ್ದು ಅದೊಂದೇ ಮಾತು. "ನಮ್ಮ ಮನ್ಯಾಗ ಇತ್ತರಿ ಅಕ್ಕೋರೆ."

ಅಕ್ಕೋರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು ಅವನ ಮುಖವನ್ನೇ ನೋಡುತ್ತ ಕೂತರು. ಅವನು ಹಾರ ತೆಗೆಯಲು ಹೋದ, ಅದು ಕನ್ನಡಕಕ್ಕೆ ಸಿಕ್ಕಿಕೊಂಡಿತು. ಹೆಂಡತಿ ಎದ್ದು ಹೋದಳು. ನೋಡುವಷ್ಟು ನೋಡಿದ ಮೇಲೆ ಅಕ್ಕೋರು ತಾವೇ ಲ್ಯಾಪ್‌ಟಾಪು ಮುಚ್ಚಿ, "ಹಸಿವಾಗೇದ" ಎಂದರು. ಅಸ್ಸಿಯಲ್ಲಿ ನಿಂತು ಇಬ್ಬರೂ ಕಚೋರಿ, ಜಿಲೇಬಿ ತಿಂದೆವು. ಅಷ್ಟು ಖುಷಿಯಾಗಿ ನಾನು ಕಾಶಿಯಲ್ಲಿ ಏನನ್ನೂ ತಿಂದಿಲ್ಲ.

ಊರಿನವರು ಕಾರ್ಯದರ್ಶಿಯನ್ನು ಮಂಡಳಿಯಿಂದ ಇಳಿಸಿದರು. ಅಕ್ಕೋರನ್ನು ಕರೆಸಿ ಸನ್ಮಾನ ಮಾಡುತ್ತೇವೆ ಎಂದು ಹಳೆಯ ವಿದ್ಯಾರ್ಥಿನಿಯರು ಅತ್ತು ಕರೆದರು. ಹೆಸರು ತಿರುಗಿ ಬಂತು, ಅವರು ತಿರುಗಿ ಹೋಗುವ ಹಾಗಿರಲಿಲ್ಲ. ಶಾಲೆಗೆ ಮಾತ್ರ ಬರುತ್ತಲೇ ಇದ್ದರು. ವೈಫೈ ಕೆಲಸ ಮುಗಿಯಿತಲ್ಲ ಎಂದು ನಾನು ಕೆಣಕಿದರೆ, "ಹದಿನೇಳರ ಮಗ್ಗಿ ಉಳದದ" ಎಂದರು. ಕಾರ್ಯದರ್ಶಿ ಎಲ್ಲಿಂದಲೋ ನನ್ನ ನಂಬರು ಹಿಡಿದು ಫೋನು ಮಾಡತೊಡಗಿದ. ಒಮ್ಮೆ ಅಕ್ಕೋರಿಗೆ ಕೊಡಿ, ಕ್ಷಮೆ ಕೇಳಬೇಕು, ತನಗೂ ವಯಸ್ಸಾಯಿತು ಎನ್ನುತ್ತಿದ್ದ. ಮೊದಲ ಸಲ ಮಾಡಿದಾಗ ಅಕ್ಕೋರು ಯಾತ್ರಿ ನಿವಾಸದ ತಾರಸಿಯಲ್ಲಿ ನನ್ನ ಪಕ್ಕದಲ್ಲೇ ಕೂತು ಬದನೆಕಾಯಿ ಹೆಚ್ಚುತ್ತಿದ್ದರು. "ಅಕ್ಕೋರು ಅದಾರ, ನಿಮಗಿಲ್ಲ ಅಂತ ಹೇಳು" ಎಂದರು. ಹಾಗೇ ಹೇಳಿದೆ, ಅವನು ಮಾಡಿದಾಗೆಲ್ಲ ಹೇಳಿದೆ.

ಕಳೆದ ಮಳೆಗಾಲದಲ್ಲಿ ಅವರಿಗೆ ಎದೆನೋವು ಬಂತು. ದೊಡ್ಡ ಆಸ್ಪತ್ರೆ ಇರುವುದು ನಮ್ಮ ಮನೆಯ ಕಡೆ, ಅಸ್ಸಿಯ ಆಚೆ. ಆಟೋದಲ್ಲಿ ಕೂರಿಸಿಕೊಂಡು ಹೊರಟವಳನ್ನು ನಾಲೆಯ ಹತ್ತಿರ ತಡೆದರು. ಪಂಚಕ್ರೋಶಿಯ ಲೆಕ್ಕದಲ್ಲಿ ಇದೂ ಕಾಶಿಯೇ ಎಂದು ನಾನು ಗೋಗರೆದೆ. "ನಂದು ಸಣ್ಣ ಲೆಕ್ಕ, ತಂಗಿ" ಎಂದರು. ಈಚೆಯ ಚಿಕ್ಕ ನರ್ಸಿಂಗ್ ಹೋಮಿನಲ್ಲಿ ಮಾಡುವಷ್ಟು ಮಾಡಿದರು, ಅವರನ್ನು ದೂರುವುದಿಲ್ಲ. ಆಚೆ ಹೋಗಿದ್ದರೆ ಬದುಕುತ್ತಿದ್ದರು ಎಂದು ನನ್ನ ಗಂಡನ ಡಾಕ್ಟರ್ ಗೆಳೆಯರು ಹೇಳಿದರು. ಹಾಗಾಗಿ ಕಾರ್ಯದರ್ಶಿ ಕೊಡಿಸಿದ ಆ ಟಿಕೆಟ್ಟು ಕೊನೆಗೂ ಅವರನ್ನು ತಿಂದಿತು.

ಯಾತ್ರಿ ನಿವಾಸದ ಮುದುಕಿಯರು ಹಾಸಿಗೆಯ ಸುತ್ತ ಸೇರಿ, ಸಿಟ್ಟು ಬಿಟ್ಟುಬಿಡಿ, ಅವನನ್ನು ಮನ್ನಿಸಿಬಿಡಿ, ಮುಕ್ತಿಗೆ ಅಡ್ಡಿ ಬರುತ್ತದೆ ಎಂದು ಪೀಡಿಸಿದರು. ಅಕ್ಕೋರು ಕಣ್ಣು ಬಿಟ್ಟರು. "ಕಾಶ್ಯಾಗ ಸತ್ತ ನಾಯಿಗೂ ಮುಕ್ತಿ ಅದ ಅಂತೀರಿ. ಸಿಟ್ಟಿನಾಕಿಗೆ ಯಾಕ ಇಲ್ಲ?" ಎಂದರು. ಮರುದಿನ ಮಧ್ಯಾಹ್ನ ಹೋದರು. ಹರಿಶ್ಚಂದ್ರ ಘಾಟಿಗೆ ನಮ್ಮ ಶಾಲೆಯ ಟೀಚರುಗಳೆಲ್ಲ ಬಂದಿದ್ದರು.

ಅದಾಗಿ ವಾರದೊಳಗೆ ಅವನು ಫೋನು ಮಾಡಿದ. ಸುದ್ದಿ ಮುಟ್ಟಿತ್ತು. ಸ್ವಲ್ಪ ಹೊತ್ತು ಅತ್ತ. ನಿಜವಾಗಿಯೇ ಅತ್ತ, ಅದನ್ನು ನಾನು ಸುಳ್ಳೆನ್ನುವುದಿಲ್ಲ. ಆಮೇಲೆ ಕೇಳಿದ:

"ಕಡೀಗೆ ನನ್ನ ಬಗ್ಗೆ ಏನರ ಅಂದ್ರೇನವಾ? ಬೈದ್ರೂ ಅಡ್ಡಿಯಿಲ್ಲ, ಹೇಳು."

"ಏನೂ ಅನ್ನಲಿಲ್ಲ."

"ಒಂದ ಮಾತೂ?"

"ನೀವು ಯಾರು ಅಂತಾನೇ ಅವರಿಗೆ ನೆನಪಿರಲಿಲ್ಲ" ಎಂದೆ.

ನಾನೇ ಫೋನು ಇಟ್ಟೆ. ಕೊನೆಯ ಉಸಿರಿಗೆ ಮುಂಚೆಯೂ ಅಕ್ಕೋರು ಅವನ ಹೆಸರು ಹಿಡಿದೇ ಬೈದಿದ್ದರು, ಕೈ ಹಿಡಿದು ಕೂತು ನಾನೇ ಕೇಳಿಸಿಕೊಂಡಿದ್ದೆ. ಅವನಿಗೆ ಅದೂ ಸಿಗಬಾರದು ಅನ್ನಿಸಿತು.